ಕವರಿನಿಂದ ಟ್ಯಾಂಕಿಗೆ ಮೂರು ವಾರದ ದಾರಿ

ಅಂಗಡಿಯಿಂದ ತಂದ ಮೀನಿನ ಕವರನ್ನು ಟ್ಯಾಂಕಿನ ನೀರಿನ ಮೇಲೆ ಹದಿನೈದು ನಿಮಿಷ ತೇಲಿಬಿಟ್ಟು ಆಮೇಲೆ ಬಿಚ್ಚಬೇಕು ಎಂಬುದು ಅಕ್ವೇರಿಯಂ ಇಟ್ಟವರಿಗೆಲ್ಲ ಗೊತ್ತು. ಅಂಗಡಿಯವರೂ ರಬ್ಬರ್ ಬ್ಯಾಂಡ್ ಬಿಗಿಯುತ್ತಲೇ ಅದನ್ನು ಹೇಳಿ ಕಳಿಸುತ್ತಾರೆ. ಹೇಳುವುದರಲ್ಲಿ ತಪ್ಪಿಲ್ಲ, ಕವರಿನ ನೀರೂ ಟ್ಯಾಂಕಿನ ನೀರೂ ಒಂದೇ ಬಿಸಿಗೆ ಬರಬೇಕಾದ್ದೇ. ಆದರೆ ಹಾಗೆ ಶಾಸ್ತ್ರೋಕ್ತವಾಗಿ ಬಿಟ್ಟ ಮೀನೂ ಮೂರನೇ ದಿನಕ್ಕೆ ಮೂಲೆ ಹಿಡಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಮೈಮೇಲೆ ಬಿಳಿ ಚುಕ್ಕೆ ಏಳುತ್ತದೆ. ಅದರ ಹಿಂದೆಯೇ, ವರ್ಷಗಟ್ಟಲೆ ಚೆನ್ನಾಗಿದ್ದ ಹಳೆಯ ಮೀನುಗಳೂ ಒಂದೊಂದಾಗಿ ಹೋಗುತ್ತವೆ. 'ನಮ್ಮ ಕೈಗೆ ಮೀನು ಹತ್ತೋದಿಲ್ಲ ಬಿಡಿ' ಎಂದು ಸುಮ್ಮನಾದವರ ಮನೆಯ ತಾರಸಿಯಲ್ಲಿ ಗಾಜಿನ ಪೆಟ್ಟಿಗೆ ಮಗುಚಿ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ.

ಕೈಗುಣದ ಮಾತು ಇಲ್ಲಿಲ್ಲ. ಬಿಸಿ ಹೊಂದಿಸುವುದು ಈ ಕೆಲಸದ ತೀರಾ ಸುಲಭದ ಭಾಗ. ಮೀನನ್ನು ಕೊಲ್ಲುವುದು ಕವರಿನಲ್ಲಿ ಕೂಡಿಕೊಂಡ ಅಮೋನಿಯಾ, ಅಂಗಡಿಯ ನೀರಿಗೂ ಮನೆಯ ನೀರಿಗೂ ಇರುವ ಅಂತರ, ಇಲ್ಲವೇ ಮೀನಿನ ಜೊತೆಗೇ ಬಂದ ರೋಗ. ಹದಿನೈದು ನಿಮಿಷದಲ್ಲಿ ಇವುಗಳಲ್ಲಿ ಒಂದೂ ಬಗೆಹರಿಯುವುದಿಲ್ಲ. ಹೊಸ ಮೀನನ್ನು ನೇರವಾಗಿ ಟ್ಯಾಂಕಿಗೆ ಬಿಡದೆ ಮೂರು ವಾರ ಬೇರೆ ಟಬ್ಬಿನಲ್ಲಿ ಇಟ್ಟರೆ ಮೂರೂ ಬಗೆಹರಿಯುತ್ತವೆ. ಅದಕ್ಕೆ ಬೇಕಾಗುವ ಸಾಮಾನಿಗೆ ಒಂದು ಜೊತೆ ಒಳ್ಳೆಯ ಏಂಜಲ್ ಮೀನಿನ ಬೆಲೆಗಿಂತ ಬಹಳ ಹೆಚ್ಚೇನೂ ಆಗುವುದಿಲ್ಲ.

ಅಂಗಡಿಯಲ್ಲಿ ನಿಂತು ನೋಡುವುದು

ಬಣ್ಣದ ಮೀನಿನ ವ್ಯಾಪಾರಕ್ಕೆ ಚೆನ್ನೈನ ಕೊಳತ್ತೂರು, ಕೋಲ್ಕತ್ತ ಇವೆಲ್ಲ ದೊಡ್ಡ ಸಗಟು ಊರುಗಳು. ಸಾಕಣೆ ಕೊಳದಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಬಸ್ಸಿನಲ್ಲೋ ರೈಲಿನಲ್ಲೋ ನಮ್ಮೂರಿನ ಅಂಗಡಿಗೆ ಬರುವಷ್ಟರಲ್ಲಿ ಮೀನು ಒಂದೇ ವಾರದಲ್ಲಿ ಮೂರು ನಾಲ್ಕು ಬಗೆಯ ನೀರು ಕಂಡಿರುತ್ತದೆ, ಹೊಟ್ಟೆಗೆ ಸರಿಯಾಗಿ ಬಿದ್ದಿರುವುದಿಲ್ಲ. ಅಂಥ ಮೀನನ್ನು ಬಂದ ದಿನವೇ ಮತ್ತೆ ಕವರಿಗೆ ಹಾಕಿಸಿಕೊಂಡು ಮನೆಗೆ ತರುವುದು ಅದಕ್ಕೆ ಉಳಿದಿದ್ದ ಶಕ್ತಿಯನ್ನೂ ತೆಗೆದಂತೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ: 'ಈ ಲಾಟ್ ಯಾವತ್ತು ಬಂತು ಅಣ್ಣಾ?' ನಿನ್ನೆ ಬಂತು ಎಂದರೆ ಸ್ವಲ್ಪ ಮುಂಗಡ ಕೊಟ್ಟು, ಐದಾರು ದಿನ ಅಲ್ಲೇ ಇರಲಿ ಎಂದು ಹೇಳಿ ಬನ್ನಿ. ದುರ್ಬಲವಾದವು ಅಷ್ಟರಲ್ಲಿ ತಾವಾಗಿಯೇ ಗೊತ್ತಾಗುತ್ತವೆ.

ಮೀನನ್ನು ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ. ಮೊದಲು ಕಿವಿರು ನೋಡಿ. ಬಾಯಿ, ಕಿವಿರು ಎರಡನ್ನೂ ಪಟಪಟನೆ ಬಡಿಯುತ್ತ ನೀರಿನ ಮೇಲ್ಭಾಗದಲ್ಲೇ ನಿಂತಿದ್ದರೆ ಅಲ್ಲಿ ಆಮ್ಲಜನಕ ಸಾಲುತ್ತಿಲ್ಲ, ಇಲ್ಲವೇ ಕಿವಿರಿಗೆ ಏಟು ಬಿದ್ದಿದೆ. ಬೆನ್ನಿನ ಈಜುರೆಕ್ಕೆಯನ್ನು ಮೈಗೆ ಅಂಟಿಸಿಕೊಂಡ ಮೀನು, ಬೆನ್ನು ಗೂನಾಗಿ ಹೊಟ್ಟೆ ಒಳಗೆ ಹೋದ ಮೀನು, ಬಿಳಿ ದಾರದಂಥ ಹಿಕ್ಕೆ ಎಳೆದುಕೊಂಡು ಓಡಾಡುವ ಮೀನು, ಕಲ್ಲಿಗೋ ಪೈಪಿಗೋ ಮೈ ಉಜ್ಜುವ ಮೀನು ಬೇಡ. ಗಪ್ಪಿ, ಮಾಲಿಗಳಲ್ಲಿ ಬಾಲದ ಹಿಂದೆ ಕೆಂಪು ಎಳೆಯಂಥದ್ದೇನಾದರೂ ಇಣುಕುತ್ತಿದ್ದರೆ ಅದು ಕರುಳಿನ ಹುಳು. ಆ ಗಾಜಿನ ಮುಂದೆ ನಿಲ್ಲುವುದೂ ಬೇಡ. ಒಂದು ಚಿಟಿಕೆ ಆಹಾರ ಹಾಕಿ ತೋರಿಸಿ ಎಂದು ಕೇಳಿ. ತಿನ್ನಲು ಮುನ್ನುಗ್ಗುವ ಮೀನು ಬದುಕುವ ಮೀನು. ಆಹಾರ ಬಾಯಿಗೆ ಹಾಕಿಕೊಂಡು ಉಗುಳುವುದನ್ನು ನಂಬಬೇಡಿ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಅನೇಕ ಅಂಗಡಿಗಳಲ್ಲಿ ಸಾಲಾಗಿರುವ ಟ್ಯಾಂಕುಗಳಿಗೆಲ್ಲ ಕೆಳಗೆ ಒಂದೇ ಫಿಲ್ಟರ್ ಇರುತ್ತದೆ, ನೀರು ಎಲ್ಲದರಲ್ಲೂ ಸುತ್ತುತ್ತದೆ. ಹಾಗಿದ್ದಾಗ ನೀವು ಕೊಳ್ಳುವ ಟ್ಯಾಂಕಿನಲ್ಲಿ ಸತ್ತ ಮೀನಿಲ್ಲ ಎಂದರೆ ಸಾಲದು. ಆ ಸಾಲಿನ ಕೊನೆಯ ಟ್ಯಾಂಕಿನಲ್ಲಿ ಸತ್ತು ತೇಲುತ್ತಿರುವ ಗೋಲ್ಡ್ ಫಿಶ್ ಕೂಡ ನಿಮ್ಮ ಮೀನಿನ ಜೊತೆಗಾರನೇ. ಎಲ್ಲ ಟ್ಯಾಂಕಿಗೂ ಒಂದೇ ಬಲೆ ಅದ್ದುತ್ತಿದ್ದರೂ ಅಷ್ಟೇ.

ಮೈಯೊಳಗೆ ಗುಲಾಬಿ, ಹಸಿರು ಗೆರೆ ಹೊಳೆಯುವ ಪಾರದರ್ಶಕ ಗಾಜುಮೀನುಗಳನ್ನು ಈಗಲೂ ಮಾರುತ್ತಾರೆ. ಅವು ನಮ್ಮ ದೇಶದ್ದೇ ಮೀನು. ಆ ಬಣ್ಣ ಮಾತ್ರ ಸೂಜಿಯಿಂದ ಚುಚ್ಚಿ ತುಂಬಿದ್ದು. ಕೆಲವೇ ತಿಂಗಳಲ್ಲಿ ಬಣ್ಣ ಮಾಸುತ್ತದೆ, ಚುಚ್ಚಿದ ಗಾಯದಿಂದ ಸೋಂಕೂ ತಗಲುತ್ತದೆ. ಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ.

ನಿಮ್ಮ ಮನೆಯ ನೀರು ಯಾವುದು?

ಮೀನು ಸಾಕುವ ಇಂಗ್ಲಿಷ್ ಪುಸ್ತಕಗಳಲ್ಲಿ ನಲ್ಲಿ ನೀರು ಎಂದರೆ ಒಂದೇ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನ ಒಂದೇ ಬೀದಿಯಲ್ಲಿ ಒಬ್ಬರಿಗೆ ಕಾವೇರಿ, ಪಕ್ಕದವರಿಗೆ ಬೋರ್‌ವೆಲ್, ಎದುರಿನ ಅಪಾರ್ಟ್‌ಮೆಂಟಿಗೆ ಟ್ಯಾಂಕರ್. ಅಂಗಡಿಯವನ ಸಂಪಿನಲ್ಲಿ ಇದರಲ್ಲಿ ಯಾವುದಿದೆಯೋ ಅವನಿಗೇ ಗೊತ್ತು.

ಈ ವ್ಯತ್ಯಾಸ ಮೀನಿಗೆ ಸಣ್ಣದಲ್ಲ. ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಾಂಶ ಸುತ್ತಲಿನ ನೀರಿಗಿಂತ ಹೆಚ್ಚು. ಹಾಗಾಗಿ ನೀರು ಸದಾ ಮೈಯೊಳಗೆ ನುಗ್ಗುತ್ತಿರುತ್ತದೆ, ಮೀನು ಸದಾ ಅದನ್ನು ಹೊರಹಾಕುತ್ತಿರುತ್ತದೆ. ಗಡಸು ನೀರಿಗೆ ಒಗ್ಗಿದ ಮೀನನ್ನು ಥಟ್ಟನೆ ತೀರಾ ಮೆದು ನೀರಿಗೆ ಹಾಕಿದರೆ ಆ ಕೆಲಸ ಒಮ್ಮೆಲೇ ಹೆಚ್ಚಾಗಿ ಮೂತ್ರಪಿಂಡ, ಕಿವಿರು ಸೋಲುತ್ತವೆ. ಹಾಕಿದ ಕೂಡಲೇ ಸಾಯುವುದಿಲ್ಲ. ಒಂದೆರಡು ದಿನ ಬಿಟ್ಟು, ಯಾವ ಗುರುತೂ ಇಲ್ಲದೆ ಸಾಯುತ್ತದೆ. ನಮಗೆ ಕಾರಣವೇ ಹೊಳೆಯದ ಸಾವುಗಳಲ್ಲಿ ಇದು ಮುಖ್ಯವಾದದ್ದು.

ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಪೆನ್ನಿನ ಗಾತ್ರದ್ದು, ಜೇಬಿನಲ್ಲಿಟ್ಟುಕೊಂಡು ಅಂಗಡಿಗೇ ಹೋಗಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಅದು ಸಾವಿರ ಪಿಪಿಎಂ ದಾಟಿ ತೋರಿಸುವುದೂ ಉಂಟು, ಕಾವೇರಿ ನೀರಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಅಂಗಡಿಯ ಅಂಕಿಗೂ ಮನೆಯ ಅಂಕಿಗೂ ಅಂತರ ನೂರರ ಆಸುಪಾಸಿನಲ್ಲೇ ಇದ್ದರೆ ಚಿಂತೆಯಿಲ್ಲ. ಮುನ್ನೂರು ನಾನೂರರ ಅಂತರವಿದ್ದರೆ ಹದಿನೈದು ನಿಮಿಷದ ತೇಲಾಟ ಏನೂ ಮಾಡದು.

ಆದರೆ ಮೀಟರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ಮುಖ್ಯವಾಗಿ ಅಪಾರ್ಟ್‌ಮೆಂಟಿನವರು. ಗಡಸು ನೀರಿಗೆ ಸಾಫ್ಟ್‌ನರ್ ಹಾಕಿಸಿದ ಕಟ್ಟಡಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಆ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಟಿಡಿಎಸ್ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ. ಮೀಟರಿಗೆ ಎರಡೂ ಒಂದೇ, ಮೀನಿಗಲ್ಲ. ಅಂಥ ಮನೆಯವರು ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಎಂದು ಪ್ಲಂಬರನ್ನು ಕೇಳಿ ಅಲ್ಲಿಂದ ನೀರು ಹಿಡಿಯುವುದು ಒಳ್ಳೆಯದು. ಇನ್ನು 'ಕುಡಿಯೋ ನೀರೇ ಹಾಕಿದೀವಿ' ಎಂದು ಆರ್‌ಒ ನೀರನ್ನಷ್ಟೇ ತುಂಬುವವರಿದ್ದಾರೆ. ಅದರಲ್ಲಿ ಆಮ್ಲವನ್ನು ತಡೆಯುವ ಲವಣವೇ ಇರುವುದಿಲ್ಲ. ದಿನ ಕಳೆದಂತೆ ಪಿಎಚ್ ಕುಸಿಯುತ್ತದೆ. ಗಡಸು ನೀರನ್ನು ತೆಳುವಾಗಿಸಲು ಆರ್‌ಒ ನೀರು ಬೆರೆಸಿ, ಅದೊಂದನ್ನೇ ಬಳಸಬೇಡಿ.

ಬೋರ್‌ವೆಲ್ ನೀರನ್ನು ಮೋಟಾರು ಹಾಕಿ ಎತ್ತಿದ ಕೂಡಲೇ ಟ್ಯಾಂಕಿಗೆ ಸುರಿಯಬಾರದು. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಬಕೆಟಿನಲ್ಲಿಟ್ಟು ಒಂದು ರಾತ್ರಿ ಏರ್ ಪಂಪ್ ಓಡಿಸಿದರೆ ಎರಡೂ ಸರಿಹೋಗುತ್ತವೆ, ನೀರಿನ ನಿಜವಾದ ಪಿಎಚ್ ಗೊತ್ತಾಗುವುದೂ ಆಮೇಲೆಯೇ. ಜಲಮಂಡಳಿಯ ನೀರಾದರೆ ಸಮಸ್ಯೆ ಬೇರೆ, ಅದರಲ್ಲಿ ಕ್ಲೋರಿನ್ ಇರುತ್ತದೆ. ಸಂಪಿನಲ್ಲಿ ನಿಂತು ಬಂದ ನೀರಲ್ಲವೇ ಎಂದು ಕೆಲವರು ಬಿಟ್ಟುಬಿಡುತ್ತಾರೆ. ನೀರು ಬಿಟ್ಟ ದಿನವೇ ಮೇಲಿನ ಟ್ಯಾಂಕಿಗೆ ಏರಿಸಿದ್ದರೆ? ಅಂಗಡಿಯಲ್ಲಿ ಸಿಗುವ ಆ್ಯಂಟಿ-ಕ್ಲೋರಿನ್ ಹನಿ ಹಾಕುವುದು ಕ್ಷೇಮ.

ಕರಾವಳಿ, ಮಲೆನಾಡಿನ ಬಾವಿ ನೀರಿನ ಕಥೆಯೇ ಬೇರೆ. ಜಂಬಿಟ್ಟಿಗೆ ಕಲ್ಲಿನ ನೆಲದಿಂದ ಒಸರುವ ಆ ನೀರು ಮೆದು, ಹಲವು ಕಡೆ ಸ್ವಲ್ಪ ಆಮ್ಲೀಯ. ಟೆಟ್ರಾ, ರಾಸ್ಬೋರಾ, ಗೌರಾಮಿಗಳಿಗೆ ಅದು ಹೇಳಿ ಮಾಡಿಸಿದ್ದು. ಗಪ್ಪಿ, ಮಾಲಿ, ಪ್ಲ್ಯಾಟಿಗಳಿಗೆ ಒಗ್ಗದು, ಅವಕ್ಕೆ ಕೋಲಾರದ ಗಡಸು ನೀರೇ ಇಷ್ಟ. ನೀರನ್ನು ಮೀನಿಗೆ ತಕ್ಕಂತೆ ಬದಲಿಸುವ ಹಟಕ್ಕಿಂತ ಮನೆಗೆ ಬರುವ ನೀರಿಗೆ ಒಗ್ಗುವ ಮೀನನ್ನೇ ತರುವುದು ಬುದ್ಧಿವಂತಿಕೆ. ಮಂಗಳೂರಿನಲ್ಲಿ ಮಾಲಿ ಏಕೆ ಉಳಿಯುವುದಿಲ್ಲ, ಚಿಂತಾಮಣಿಯಲ್ಲಿ ನಿಯಾನ್ ಟೆಟ್ರಾ ಏಕೆ ಬಣ್ಣಗೆಡುತ್ತದೆ ಎಂದು ಔಷಧಿ ಬಾಟಲಿ ಹುಡುಕುವವರಿಗೆ ಉತ್ತರ ನಲ್ಲಿಯಲ್ಲೇ ಇರುತ್ತದೆ.

ಟಬ್ಬು

ಇಪ್ಪತ್ತೈದು ಮೂವತ್ತು ಲೀಟರಿನ ಪ್ಲಾಸ್ಟಿಕ್ ಟಬ್ಬು ಸಾಕು. ಸೋಪು, ಫಿನಾಯಿಲ್ ಮುಟ್ಟಿರದ ಹೊಸದಾಗಿರಲಿ. ಒಂದು ಸ್ಪಾಂಜ್ ಫಿಲ್ಟರ್, ಅದಕ್ಕೊಂದು ಏರ್ ಪಂಪ್, ಮುಚ್ಚಲು ಬಲೆ ಅಥವಾ ತೂತು ಕೊರೆದ ಮುಚ್ಚಳ, ಮೀನು ಅಡಗಲು ಅರ್ಧ ಅಡಿ ಪಿವಿಸಿ ಪೈಪಿನ ತುಂಡು. ಕಲ್ಲು, ಮರಳು, ಪ್ಲಾಸ್ಟಿಕ್ ಗಿಡ ಯಾವುದೂ ಬೇಡ. ತಳ ಬರಿದಾಗಿದ್ದರೆ ಮೀನು ಏನು ತಿಂದಿತು, ಹಿಕ್ಕೆ ಹೇಗಿದೆ ಎಂದು ಕಾಣುತ್ತದೆ, ಉಳಿದ ಆಹಾರ ತೆಗೆಯುವುದೂ ಸಲೀಸು. ಈ ಟಬ್ಬಿನ ಬಲೆ, ಪೈಪು, ಮಗ್ಗು ಟಬ್ಬಿಗೇ ಮೀಸಲು. ದೊಡ್ಡ ಟ್ಯಾಂಕಿನ ಕೆಲಸ ಮೊದಲು ಮುಗಿಸಿ ಟಬ್ಬಿಗೆ ಕೈ ಹಾಕಿ, ಆಮೇಲೆ ಮೊಣಕೈವರೆಗೆ ತೊಳೆದುಕೊಳ್ಳಿ. ಅದೇ ಕೈಯನ್ನು ಮತ್ತೆ ಟ್ಯಾಂಕಿಗೆ ಅದ್ದಿದರೆ ಟಬ್ಬು ಇಟ್ಟು ಫಲವಿಲ್ಲ.

ಸ್ಪಾಂಜಿನಲ್ಲಿ ಒಂದು ಗುಟ್ಟಿದೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಬೇಕು. ಹೊಸ ಫಿಲ್ಟರಿನಲ್ಲಿ ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಸದಾಗಿ ಕೊಂಡ ಟ್ಯಾಂಕಿಗೆ ಅದೇ ದಿನ ಮೀನು ಬಿಟ್ಟವರ ಮೀನುಗಳು ಎರಡನೇ ವಾರದಲ್ಲಿ ಸಾಯುವುದಕ್ಕೆ ಇದೇ ಕಾರಣ. ಟಬ್ಬಿಗೆ ಅಷ್ಟು ಕಾಯಬೇಕಿಲ್ಲ. ಆ ಸ್ಪಾಂಜನ್ನು ಒಂದು ತಿಂಗಳು ಮುಂಚಿತವಾಗಿ ನಿಮ್ಮ ಹಳೆಯ ಟ್ಯಾಂಕಿನಲ್ಲೇ ಓಡಲು ಬಿಟ್ಟಿರಿ. ಮೀನು ತರುವ ದಿನ ಎತ್ತಿ ಟಬ್ಬಿಗೆ ಹಾಕಿದರೆ ಬ್ಯಾಕ್ಟೀರಿಯಾ ಜೊತೆಗೇ ಬರುತ್ತದೆ. ಹಳೆಯ ಟ್ಯಾಂಕೇ ಇಲ್ಲದವರು ಅಮೋನಿಯಾ ಪರೀಕ್ಷೆಯ ಹನಿ ಕಿಟ್ ಇಟ್ಟುಕೊಂಡು, ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಬೇಕು.

ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಮೈಸೂರು, ಹಾಸನದ ಕಡೆ ಸಣ್ಣ ಟಬ್ಬಿನ ನೀರು ಬೆಳಗಿನ ಜಾವಕ್ಕೆ ತಣ್ಣಗಾಗಿಬಿಡುತ್ತದೆ. ಉಷ್ಣವಲಯದ ಮೀನಿಗೆ 24ರಿಂದ 27 ಡಿಗ್ರಿ ಬೇಕು. ಲೀಟರಿಗೆ ಒಂದು ವಾಟಿನ ಲೆಕ್ಕದಲ್ಲಿ ಹೀಟರ್ ಹಾಕಿ. ಅದು ಪ್ಲಾಸ್ಟಿಕ್ಕಿಗೆ ತಾಗದಂತಿರಲಿ. ಕಲಬುರಗಿ, ರಾಯಚೂರಿನವರ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಏಪ್ರಿಲ್, ಮೇನಲ್ಲಿ ಹೊಸ ಮೀನು ತರದಿರುವುದೇ ಲೇಸು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಜೊತೆಗೆ ಕರೆಂಟು ಹೋಗಿ ಏರ್ ಪಂಪ್ ನಿಂತರೆ ಮುಗಿಯಿತು. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಯಾವ ಊರಿನವರಿಗಾದರೂ ಬೇಕೇ ಬೇಕು.

ಟಬ್ಬಿನಿಂದ ಮೀನನ್ನು ನೀರಿಗೆ ಒಗ್ಗಿಸುವ ಕೆಲಸವೂ ಸುಲಭವಾಗುತ್ತದೆ. ಟ್ಯಾಂಕಿನ ನೀರನ್ನು ಹೊಸ ಮೀನಿಗಾಗಿ ಬದಲಿಸಲಾಗದು, ಅಲ್ಲಿ ಹಳೆಯ ಮೀನುಗಳಿವೆ. ಟಬ್ಬು ಖಾಲಿಯಲ್ಲವೇ? ಅದರ ನೀರನ್ನು ಅಂಗಡಿಯ ನೀರಿನ ಟಿಡಿಎಸ್‌ಗೆ ಹತ್ತಿರವಾಗಿ ಹದಮಾಡಿಟ್ಟುಕೊಳ್ಳಿ, ಬೋರ್‌ವೆಲ್ ನೀರಿಗೆ ಆರ್‌ಒ ಬೆರೆಸಿಯೋ ಕಾವೇರಿ ನೀರಿಗೆ ಸ್ವಲ್ಪ ಬೋರ್‌ವೆಲ್ ಬೆರೆಸಿಯೋ. ಮೀನು ತನಗೆ ಒಗ್ಗಿದ ನೀರಿಗೇ ಬಂದಿಳಿಯುತ್ತದೆ. ಆಮೇಲೆ ಮೂರು ವಾರದಲ್ಲಿ ಎರಡು ದಿನಕ್ಕೊಮ್ಮೆ ನಾಲ್ಕೈದು ಲೀಟರ್ ತೆಗೆದು ಮನೆಯ ನೀರು ಸೇರಿಸುತ್ತಾ ಹೋದರೆ, ಕೊನೆಗೆ ಟಬ್ಬಿನ ನೀರೂ ಟ್ಯಾಂಕಿನ ನೀರೂ ಒಂದೇ ಆಗಿರುತ್ತದೆ. ಹನಿಹನಿಯಾಗಿ ಗಂಟೆಗಟ್ಟಲೆ ನೀರು ಬಿಡುವ ಕಸರತ್ತು ಬೇಕಾಗುವುದಿಲ್ಲ.

ಕವರು ಬಿಚ್ಚುವ ಹೊತ್ತು

ಅರ್ಧ ಗಂಟೆಯ ದಾರಿಯ ಅಂಗಡಿಯಿಂದ ತಂದ ಮೀನಿಗೆ ಹೆಚ್ಚಿನ ಗಡಿಬಿಡಿಯಿಲ್ಲ. ಕೋಣೆಯ ದೀಪ ಆರಿಸಿ, ಕವರನ್ನು ಟಬ್ಬಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಡಿ. ಬಾಯಿ ಬಿಚ್ಚಿ, ಅಂಚನ್ನು ಹೊರಕ್ಕೆ ಮಡಚಿ ನಿಲ್ಲಿಸಿ, ಐದು ನಿಮಿಷಕ್ಕೊಂದು ಲೋಟದಂತೆ ಟಬ್ಬಿನ ನೀರು ಹಾಕುತ್ತಾ ಬನ್ನಿ. ಅರ್ಧ ಗಂಟೆ ಸಾಕು. ಕೊನೆಯಲ್ಲಿ ಮೀನನ್ನು ಬಲೆಯಿಂದಲೋ ಕೈಯಲ್ಲಿ ಸಣ್ಣ ಡಬ್ಬಿ ಹಿಡಿದೋ ಎತ್ತಿ ಬಿಡಿ, ಕವರಿನ ನೀರು ಚರಂಡಿಗೆ. ಕೋರಿಡೋರಸ್‌ನಂಥ ಮುಳ್ಳಿನ ಮೀನನ್ನು ಬಲೆಗೆ ಹಾಕಬೇಡಿ, ಮುಳ್ಳು ದಾರಕ್ಕೆ ಸಿಕ್ಕಿಕೊಂಡು ಬಿಡಿಸುವಷ್ಟರಲ್ಲಿ ಈಜುರೆಕ್ಕೆ ಹರಿಯುತ್ತದೆ.

ಕೊರಿಯರ್‌ನಲ್ಲಿ ಬಂದ ಮೀನಿಗೆ ಈ ಕ್ರಮ ಅನ್ವಯಿಸುವುದಿಲ್ಲ, ಅಪಾಯವೇ ಹೌದು. ಈಗ ಫೋನಿನಲ್ಲೇ ಆರ್ಡರ್ ಮಾಡಿ ಚೆನ್ನೈಯಿಂದಲೋ ಕೋಲ್ಕತ್ತದಿಂದಲೋ ತರಿಸುವವರು ಹೆಚ್ಚಾಗಿರುವುದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದೂವರೆ ಎರಡು ದಿನ ಮುಚ್ಚಿದ ಕವರಿನಲ್ಲಿ ಮೀನು ಉಸಿರಾಡುತ್ತಲೇ ಇರುತ್ತದೆ. ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲಾರದೆ ನೀರಿನಲ್ಲಿ ಕರಗಿ ಪಿಎಚ್ಚನ್ನು ಇಳಿಸುತ್ತದೆ. ಅದೇ ಹೊತ್ತಿಗೆ ಅಮೋನಿಯಾ ಕೂಡಿಕೊಳ್ಳುತ್ತಿರುತ್ತದೆ. ಪಿಎಚ್ ಇಳಿದಿರುವವರೆಗೆ ಆ ಅಮೋನಿಯಾದ ಬಹುಭಾಗ ಅಮೋನಿಯಂ ರೂಪದಲ್ಲಿರುತ್ತದೆ, ಮೀನಿಗೆ ಅಷ್ಟೇನೂ ಕೆಡುಕಿಲ್ಲ. ಕವರು ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರತೊಡಗುತ್ತದೆ. ಅದು ಒಂದು ಅಂಕ ಏರಿದರೆ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ: 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ನೂರಕ್ಕೆ ಅರ್ಧದಷ್ಟು ಇದ್ದದ್ದು ಪಿಎಚ್ 8ರಲ್ಲಿ ನೂರಕ್ಕೆ ಐದನ್ನು ದಾಟುತ್ತದೆ. ನಾವು ಮಾಡುವುದೇನು? ಕವರು ಬಿಚ್ಚಿ, ಮೀನಿನ ಫೋಟೊ ತೆಗೆದು ಗುಂಪಿಗೆ ಕಳಿಸಿ, ಆಮೇಲೆ ಗಡಸು ನೀರನ್ನು ಹನಿಹನಿಯಾಗಿ ಎರಡು ಗಂಟೆ ಬಿಡುತ್ತೇವೆ. ಅಷ್ಟೂ ಹೊತ್ತು ಮೀನು ವಿಷವಾಗುತ್ತಿರುವ ನೀರಿನಲ್ಲೇ ಇರುತ್ತದೆ.

ದೂರದಿಂದ ಬಂದ ಮೀನಿಗೆ ಕವರು ಮುಚ್ಚಿದಂತೆಯೇ ಬಿಸಿ ಹೊಂದಿಸಿ. ಟಬ್ಬು ಪೂರ್ತಿ ಸಿದ್ಧವಿರಲಿ, ನೀರಿಗೆ ಅಮೋನಿಯಾ ಕಟ್ಟಿಹಾಕುವ ಕಂಡಿಷನರ್ ಹಾಕಿರಲಿ. ಕತ್ತರಿಯಿಂದ ಕವರು ಕತ್ತರಿಸಿ, ನೀರನ್ನು ಬಲೆಯ ಮೂಲಕ ಬಕೆಟಿಗೆ ಸುರಿದು, ಮೀನನ್ನು ಅದೇ ಕ್ಷಣ ಟಬ್ಬಿಗೆ ಬಿಡಿ. ಒರಟಾಗಿ ಕಾಣುತ್ತದೆ. ಆದರೆ ಒಳ್ಳೆಯ ನೀರಿಗೆ ಬೇಗ ಸೇರಿದ ಮೀನು ಚೇತರಿಸಿಕೊಳ್ಳುತ್ತದೆ, ಕೆಟ್ಟ ನೀರಿನಲ್ಲಿ ಮೆಲ್ಲಗೆ ಒಗ್ಗಿಸಿದ ಮೀನು ಚೇತರಿಸಿಕೊಳ್ಳುವುದಿಲ್ಲ. ಕಳಿಸುವವರಿಗೆ ಟಿಡಿಎಸ್, ಪಿಎಚ್ ಎಷ್ಟು ಎಂದು ಮೊದಲೇ ಕೇಳಿ ಟಬ್ಬಿನ ನೀರನ್ನು ಹದಮಾಡಿಟ್ಟಿದ್ದರೆ ಇನ್ನೂ ಒಳ್ಳೆಯದು. ಸಿಗಡಿ ತರಿಸುವವರಿಗೆ ಮಾತ್ರ ಹನಿ ಕ್ರಮವೇ ಸರಿ. ಅವು ಬಿಡುವ ಅಮೋನಿಯಾ ಕಡಿಮೆ, ನೀರಿನ ಬದಲಾವಣೆಯನ್ನು ತಾಳಿಕೊಳ್ಳುವುದೂ ಕಡಿಮೆ.

ಮೊದಲ ರಾತ್ರಿ ಆಹಾರ ಬೇಡ, ದೀಪ ಬೇಡ, ಟಬ್ಬು ತಟ್ಟುವ ಮಕ್ಕಳೂ ಬೇಡ. ಮರುದಿನ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿ. ಲೀಟರಿಗೆ ಒಂದು ಗ್ರಾಂನಂತೆ ಕಲ್ಲುಪ್ಪನ್ನು ಕರಗಿಸಿ ಹಾಕಿದರೆ ಮೀನಿನ ಮೈಗೆ ಸ್ವಲ್ಪ ಆರಾಮ. ಅದರ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ನುಗ್ಗದಂತೆ ತಡೆಯುತ್ತದೆ. ಕೋರಿಡೋರಸ್, ಲೋಚ್‌ಗಳಿಗೆ ಅರ್ಧ ಪ್ರಮಾಣ.

ಬಿಳಿ ಚುಕ್ಕೆ

ಹೊಸ ಮೀನು ತರುವ ರೋಗಗಳಲ್ಲಿ ನಾವು ಹೆಚ್ಚು ಕಾಣುವುದು ಇದು. ಇಕ್ ಎಂದು ಕರೆಯುತ್ತಾರೆ. ಈಜುರೆಕ್ಕೆಯ ಮೇಲೆ, ಮೈಮೇಲೆ ಚಿರೋಟಿ ರವೆ ಉದುರಿಸಿದಂತೆ ಬಿಳಿ ಕಾಳುಗಳು. ಮೊದಲ ದಿನ ಬಾಲದ ತುದಿಯಲ್ಲಿ ಎರಡೇ ಎರಡು ಇರುತ್ತವೆ, ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದರೆ ಮಾತ್ರ ಕಾಣುತ್ತವೆ. ನಾಲ್ಕು ದಿನ ಬಿಟ್ಟು ನೋಡಿದರೆ ಮೈತುಂಬ.

ಒಂದೊಂದು ಕಾಳೂ ಚರ್ಮದ ಕೆಳಗೆ ಕೂತ ಒಂದೊಂದು ಏಕಕೋಶ ಜೀವಿ. ತಿಂದು ಬಲಿತ ಮೇಲೆ ಮೀನಿನಿಂದ ಕಳಚಿ ತಳಕ್ಕೆ ಬೀಳುತ್ತದೆ, ಅಲ್ಲಿ ಕವಚ ಕಟ್ಟಿಕೊಂಡು ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜಿ ಹೋಗಿ ಮೀನನ್ನು ಹಿಡಿಯಬೇಕು. ಎರಡು ಮೂರು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿ ತಾಗುವುದು ಈಜುತ್ತಿರುವ ಈ ಮರಿಗಳಿಗೆ ಮಾತ್ರ. ಚರ್ಮದಡಿ ಕೂತದ್ದಕ್ಕೂ ಕವಚದೊಳಗಿರುವುದಕ್ಕೂ ಏನೂ ಆಗುವುದಿಲ್ಲ. ಹಾಗಾಗಿ ಎರಡು ದಿನ ಔಷಧಿ ಹಾಕಿ, ಚುಕ್ಕೆ ಉದುರಿದ್ದನ್ನು ಕಂಡು 'ವಾಸಿಯಾಯಿತು' ಎಂದು ನಿಲ್ಲಿಸಿದರೆ ಮುಂದಿನ ವಾರ ಹತ್ತರಷ್ಟಾಗಿ ಮರಳುತ್ತದೆ. ಚುಕ್ಕೆ ಉದುರಿದ ದಿನವೇ ರೋಗ ಹರಡಲು ಹೊರಟ ದಿನ.

25 ಡಿಗ್ರಿಯ ಆಸುಪಾಸಿನಲ್ಲಿ ಈ ಇಡೀ ಚಕ್ರ ಸುಮಾರು ಒಂದು ವಾರ. ನೀರು ತಣ್ಣಗಿದ್ದಷ್ಟೂ ಅದು ನಿಧಾನ, ಚಳಿಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಟಬ್ಬಿನಲ್ಲಿ ಮೂರು ವಾರ ಇಡಬೇಕೆನ್ನುವ ಲೆಕ್ಕ ಹುಟ್ಟುವುದೇ ಇಲ್ಲಿಂದ: ಬೆಚ್ಚಗಿನ ನೀರಿನಲ್ಲಿ ರೋಗವಿದ್ದರೆ ಅಷ್ಟರಲ್ಲಿ ಎರಡು ಮೂರು ಸುತ್ತು ತಿರುಗಿ ಕಣ್ಣಿಗೆ ಬೀಳಲೇಬೇಕು. ಹೀಟರ್ ಇಲ್ಲದೆ, ಚಳಿಗಾಲದ ತಣ್ಣನೆಯ ಟಬ್ಬಿನಲ್ಲಿ ಮೂರು ವಾರ ಇಟ್ಟು ಏನೂ ಕಾಣಲಿಲ್ಲ ಎಂದರೆ ಅದಕ್ಕೆ ಅರ್ಥವಿಲ್ಲ.

ಕಂಡರೆ ಏನು ಮಾಡಬೇಕು? ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 29–30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ. ಬಿಸಿಯಿಂದ ರೋಗ ಸಾಯುವುದಕ್ಕಿಂತ ಅದರ ಚಕ್ರ ಬೇಗ ತಿರುಗಿ ಮರಿಗಳು ಬೇಗ ಔಷಧಿಗೆ ಸಿಗುತ್ತವೆ. ಜೊತೆಗೆ ಮ್ಯಾಲಕೈಟ್ ಗ್ರೀನ್ ಇರುವ ಔಷಧಿಯನ್ನು ಲೇಬಲ್ಲಿನಲ್ಲಿ ಹೇಳಿದ ಪ್ರಮಾಣದಲ್ಲಿ ಹಾಕಿ. ಅದು ಬಟ್ಟೆಗೆ, ಕೈಗೆ ಕಲೆ ಹಿಡಿಯುತ್ತದೆ, ಆರೋಗ್ಯಕ್ಕೂ ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಿ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧಿಯನ್ನೇ ಹೀರುತ್ತದೆ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಿ, ಮೂರು ವಾರದ ಎಣಿಕೆಯನ್ನು ಆಮೇಲೆ ಮೊದಲಿನಿಂದ ಶುರುಮಾಡಿ. ಅಂಗಡಿಯಲ್ಲಿ ಲೇಬಲ್ಲೇ ಇಲ್ಲದ ಬಾಟಲಿಯಲ್ಲಿ ನೀಲಿ, ಹಳದಿ ದ್ರಾವಣ ಕೊಟ್ಟು 'ಎಲ್ಲದಕ್ಕೂ ಆಗುತ್ತೆ ಸಾರ್' ಎನ್ನುತ್ತಾರಲ್ಲ, ಏನು ಬೆರೆಸಿದೆ ಎಂದು ಗೊತ್ತಿಲ್ಲದ್ದನ್ನು ಎಷ್ಟು ಹಾಕಬೇಕೆಂದು ಹೇಗೆ ತಿಳಿಯುವುದು? ರೋಗವೇ ಇಲ್ಲದ ಮೀನಿಗೆ 'ಮುಂಜಾಗ್ರತೆ'ಯ ಹೆಸರಿನಲ್ಲಿ ಔಷಧಿ ಸುರಿಯುವುದನ್ನೂ ನಾನು ಒಪ್ಪುವುದಿಲ್ಲ. ಮೊದಲೇ ಬಳಲಿದ ಮೀನಿಗೆ ಅದೂ ಒಂದು ಹೊರೆ, ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ಟ್ಯಾಂಕಿಗೆ ಬಿಡುವ ದಿನ

ಮೂರು ವಾರ ಚೆನ್ನಾಗಿ ತಿಂದು ಓಡಾಡಿದ ಮೀನನ್ನು ಸಂಜೆ ಹೊತ್ತು, ಟ್ಯಾಂಕಿನ ದೀಪ ಆರಿಸಿದ ಮೇಲೆ ಬಿಡಿ. ಅದಕ್ಕೆ ಸ್ವಲ್ಪ ಮುಂಚೆ ಹಳೆಯ ಮೀನುಗಳಿಗೆ ಹೊಟ್ಟೆತುಂಬ ಹಾಕಿ, ಕಲ್ಲು, ಮರದ ಬೇರು, ಗಿಡಗಳನ್ನು ಅದಲುಬದಲು ಮಾಡಿ. ಸಿಕ್ಲಿಡ್, ಏಂಜಲ್, ಗಂಡು ಗೌರಾಮಿ ಇವೆಲ್ಲ ಮೂಲೆ ಮೂಲೆ ಹಂಚಿಕೊಂಡಿರುತ್ತವೆ. ಸರಹದ್ದೇ ಅಳಿಸಿಹೋದರೆ ಆ ರಾತ್ರಿ ಎಲ್ಲವೂ ಹೊಸಬರೇ.

ಒಂದೇ ಸಲ ಹತ್ತಾರು ಮೀನು ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಕಲ್ಲು, ಮರಳು ಕಳೆದರೆ ನೀರು ಉಳಿಯುವುದು 45 ಲೀಟರಿನಷ್ಟು. ಅಲ್ಲಿ ಆರು ಟೆಟ್ರಾ ಹೊಸದಾಗಿ ಬಂದರೂ ಫಿಲ್ಟರಿನ ಬ್ಯಾಕ್ಟೀರಿಯಾ ಹೆಚ್ಚಿದ ಅಮೋನಿಯಾಕ್ಕೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಸಾಧು ಮೀನುಗಳನ್ನು ಮೊದಲು, ಜಗಳಗಂಟಿಗಳನ್ನು ಕಡೆಯಲ್ಲಿ ಬಿಡಿ. ನಿಯಾನ್ ಟೆಟ್ರಾ ಇದ್ದಲ್ಲಿಗೆ ದೊಡ್ಡ ಏಂಜಲ್ ತಂದರೆ ಕೆಲವೇ ದಿನದಲ್ಲಿ ನಿಯಾನ್ ಎಣಿಕೆಗೆ ಸಿಗುವುದಿಲ್ಲ. ಟೈಗರ್ ಬಾರ್ಬಿನ ಜೊತೆ ಫೈಟರ್ ಬಿಟ್ಟರೆ ಅದರ ಬಾಲ ಚಿಂದಿ. ಗೋಲ್ಡ್ ಫಿಶ್ಶನ್ನು ಉಷ್ಣವಲಯದ ಮೀನಿನ ಜೊತೆ ಇಡುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಅಭ್ಯಾಸ. ಅದಕ್ಕೆ ತಂಪು ನೀರು ಬೇಕು, ಹೊಲಸೂ ಹೆಚ್ಚು, ಅದಕ್ಕೊಂದು ಬೇರೆ ಟ್ಯಾಂಕೇ ಇರಲಿ. ಹೊಸ ಮೀನು ಹಾರುವುದು ಮೊದಲ ಎರಡು ರಾತ್ರಿ. ನಮ್ಮ ಪಶ್ಚಿಮ ಘಟ್ಟದ ಮಿಸ್ ಕೇರಳ ಅದರಲ್ಲಿ ಪ್ರವೀಣ, ಮುಚ್ಚಳದ ಮೂಲೆಯ ಅಂಗುಲದ ಸಂದೂ ಸಾಕು ಅದಕ್ಕೆ. ಕಾಡುತೊರೆಗಳಲ್ಲಿ ಅಳಿವಿನಂಚಿಗೆ ಬಂದಿರುವ ಆ ಮೀನನ್ನು ಕೊಳ್ಳುವುದಿದ್ದರೆ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೊಳ್ಳಿ. ನಾಲ್ಕಡಿಗಿಂತ ಚಿಕ್ಕ ಟ್ಯಾಂಕಿನವರು ಆಸೆಪಡದಿರುವುದು ಒಳ್ಳೆಯದು.

ಒಗ್ಗದ ಮೀನನ್ನು ಏನು ಮಾಡುವುದು ಎಂಬ ಪ್ರಶ್ನೆ ಎಂದಾದರೂ ಬಂದೇ ಬರುತ್ತದೆ. ಪಾಚಿ ತಿನ್ನುತ್ತದೆ ಎಂದು ಎರಡಂಗುಲದ್ದನ್ನು ತಂದ ಸಕ್ಕರ್ ಮೀನು ಒಂದಡಿ ದಾಟಿದಾಗ ಕೆರೆಗೆ ಬಿಟ್ಟು 'ಪುಣ್ಯ ಬಂತು' ಎನ್ನುವವರಿದ್ದಾರೆ. ದಕ್ಷಿಣ ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಇಂದು ಅದು ಬೆಸ್ತರ ಬಲೆ ಹರಿಯುವ ಪೀಡೆಯಾಗಿದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಅದು ತಾನಾಗಿ ಈಜಿ ಬಂದಿದ್ದೇನಲ್ಲ. ಅಂಗಡಿಗೇ ಮರಳಿ ಕೊಡಿ, ದುಡ್ಡು ಕೇಳದೆ ಕೊಟ್ಟರೆ ಬಹಳ ಮಂದಿ ತೆಗೆದುಕೊಳ್ಳುತ್ತಾರೆ. ಟಬ್ಬಿನ ನೀರನ್ನೂ ಸತ್ತ ಮೀನನ್ನೂ ಕೆರೆ, ಹೊಳೆಗೆ ಹಾಕಬೇಡಿ.

ಮೀನು ಟ್ಯಾಂಕಿಗೆ ಹೋದ ಮೇಲೆ ಟಬ್ಬು, ಬಲೆ, ಪೈಪು ತೊಳೆದು ಎರಡು ದಿನ ಚುರುಗುಟ್ಟುವ ಬಿಸಿಲಿಗೆ ಇಡಿ. ಪೂರ್ತಿ ಒಣಗಿದರೆ ಬಿಳಿ ಚುಕ್ಕೆಯ ಜೀವಿ ಉಳಿಯುವುದಿಲ್ಲ. ಟಬ್ಬಿನಲ್ಲಿ ರೋಗ ಬಂದಿದ್ದರೆ ಸ್ಪಾಂಜನ್ನು ಎಸೆದು ಹೊಸದು ತನ್ನಿ, ಬೆಲೆ ಹೆಚ್ಚೇನಿಲ್ಲ. ಬಂದಿರಲಿಲ್ಲವೆಂದರೆ ಅದನ್ನು ತೊಳೆಯದೆ ಹಾಗೇ ದೊಡ್ಡ ಟ್ಯಾಂಕಿನ ಹಿಂಬದಿ ಮೂಲೆಗೆ ಸಿಕ್ಕಿಸಿ ಏರ್ ಪಂಪಿಗೆ ಜೋಡಿಸಿಡಿ. ಮುಂದಿನ ಸಲ ಮೀನು ತರುವ ಹೊತ್ತಿಗೆ ಅದು ಸಿದ್ಧವಿರುತ್ತದೆ.